ಮನೆಯೊಳಗಿನ ನಲ್ಲಿ

ರಾಚವ್ವ ನಲ್ಲಿ ತಿರುವಿದಳು. ನೀರು ಭರ್ರೆಂದು ಬಿತ್ತು. ನೋಡಲು ನಿಂತಿದ್ದ ನಾಲ್ವರು ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಕೈಯೊಡ್ಡಿ ನೀರು ಮುಟ್ಟಿದರು. ಬೆಳಿಗ್ಗೆಯಿಂದ ಇದು ಮೂರನೆಯ ಸಲ. ದಾದರಿನಿಂದ ಒಂದೊಂದು ಲೋಕಲ್ ಬಂದಾಗಲೂ ಪರಳದ ಚಾಳಿನ ಒಂದೊಂದು ಗುಂಪು ಬೊರಿವಲಿ ಸ್ಟೇಷನ್ನಿನಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ನಡೆದು, ಈ ಹೊಸ ಬಿಲ್ಡಿಂಗಿನ ಎರಡನೆಯ ಮಾಳಿಗೆ ಹತ್ತಿ ಬರುತ್ತಿತ್ತು. ಮನೆ ಹೊಗುವ ದಿನ ಬಂದವರು ದೇವರಿಗೆ ಕೈಮುಗಿಯಬೇಕು. ಇವರು ನೇರ ಬಚ್ಚಲಿಗೆ ಹೋಗಿ ನಲ್ಲಿಯ ದರ್ಶನ ಮಾಡುತ್ತಿದ್ದರು.

ದಾನವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಹೋಳಿಗೆಗೆ ಬೆಲ್ಲ ಜಜ್ಜುತ್ತಿದ್ದಳು. ನೀರಿನ ಸಪ್ಪಳ ಕೇಳಿದಾಗಲೆಲ್ಲ ಅವಳ ಕೈ ಸ್ವಲ್ಪ ಜೋರಾಗಿ ಬೀಳುತ್ತಿತ್ತು. ಅವಳು ಮನೆತನದ ಹಿರಿಯ ಸೊಸೆ, ರಾಚವ್ವನ ನೆಗೆಣ್ಣಿ. ಗಂಡ ಕಾಶಪ್ಪ ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುವವನು. ತಮ್ಮನನ್ನು, ಅಂದರೆ ರಾಚವ್ವನ ಗಂಡ ಸಿದ್ದಲಿಂಗಪ್ಪನನ್ನು, ವಿಜಾಪುರದಿಂದ ಕರೆಸಿ ಮ್ಯಾಟ್ರಿಕ್ ತನಕ ಓದಿಸಿದವನೂ ಅವನೇ. ತಮ್ಮ ವಿಮಾ ಕಂಪನಿಯಲ್ಲಿ ಕ್ಲಾರ್ಕನಾದ, ಆಫೀಸಿನವರ ಮನೆ ಕಟ್ಟುವ ಸೊಸೈಟಿಗೆ ಅರ್ಜಿ ಹಾಕಿದ, ಚೀಟಿ ಎತ್ತಿದಾಗ ಅವನ ಹೆಸರು ಬಂತು. ಗಿರಣಿಯವರಿಗೆ ಅಂಥ ಸೊಸೈಟಿ ಇರಲಿಲ್ಲ.

ಚಾಳಿನಲ್ಲಿ ಎರಡೂ ಸಂಸಾರಕ್ಕೆ ಒಂದೇ ಖೋಲಿ, ನಡುವೆ ಒಂದು ಪರದೆ. ಇಪ್ಪತ್ತು ಖೋಲಿಗಳಿಗೆ ಗ್ಯಾಲರಿಯ ಕೊನೆಗೆ ಒಂದು ನಲ್ಲಿ. ನಸುಕಿನಲ್ಲಿ ಒಂದು ತಾಸು ನೀರು. ರಾಚವ್ವ ಮದುವೆಯಾಗಿ ಬಂದಮೇಲೆ ಏಳು ವರ್ಷ ಇಬ್ಬರು ನೆಗೆಣ್ಣಿಯರೂ ಸೇರಿಯೇ ಆ ಒಂದು ತಾಸನ್ನು ಗೆದ್ದವರು. ಒಬ್ಬಳು ಪಾಳಿ ಹಿಡಿದು ನಿಂತರೆ ಇನ್ನೊಬ್ಬಳು ಕೊಡ ಸಾಗಿಸುತ್ತಿದ್ದಳು. ರಾಚವ್ವ ಬಸುರಿಯಾದಾಗ ಅವಳ ಪಾಲಿನ ಕೊಡವನ್ನೂ ದಾನವ್ವನೇ ಹೊತ್ತಳು. ದಾನವ್ವನಿಗೆ ವಿಷಮಜ್ವರ ಬಂದು ಇಪ್ಪತ್ತೆರಡು ದಿನ ಮಲಗಿದಾಗ ರಾಚವ್ವ ಇಡೀ ಪಾಳಿಯೊಂದಿಗೆ ಜಗಳಾಡಿ ನೀರು ತಂದು ಅವಳ ಹಣೆಗೆ ಬಟ್ಟೆ ಹಾಕಿದ್ದಳು. ಸ್ವಂತ ತಂಗಿಯಾದರೂ ಅಷ್ಟು ಮಾಡುತ್ತಿರಲಿಲ್ಲ.

ಅದಕ್ಕೇ ದಾನವ್ವನಿಗೆ ತನ್ನ ಮೇಲೆ ತನಗೇ ಹೇಸಿಗೆ. ಮನೆಯ ಕಾಗದ ಬಂದ ದಿನ ಬಾಯಿ ತುಂಬ "ಚಲೋ ಆತು" ಅಂದಿದ್ದಳು. ಒಳಗೆ ಮಾತ್ರ ಏನೋ ಹತ್ತಿಕೊಂಡು ಉರಿಯತೊಡಗಿತ್ತು. ಅದು ಹೊಟ್ಟೆಕಿಚ್ಚು ಎಂದು ಗುರುತು ಹಿಡಿಯದಷ್ಟು ಮುಗ್ಧಳೇನಲ್ಲ ಅವಳು. ನಾಲ್ಕು ಸೋಮವಾರ ಉಪವಾಸ ಮಾಡಿದಳು. ಲಿಂಗಪೂಜೆಗೆ ಕೂತು, ಈ ಕಿಚ್ಚನ್ನು ತೆಗೆದುಬಿಡು ತಂದೆ ಎಂದು ಬೇಡಿಕೊಂಡಳು. ಬೇರೆ ಯಾರಿಗಾದರೂ ಮನೆ ಸಿಕ್ಕಿದ್ದರೆ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತಿತ್ತು. ತನ್ನ ಜೊತೆ ಪಾಳಿಯಲ್ಲಿ ನಿಂತವಳು ಪಾಳಿ ಬಿಟ್ಟು ಹೋಗುತ್ತಾಳೆ, ನಾಳೆಯಿಂದ ಪಾಳಿ ಹಿಡಿಯುವುದೂ ತಾನೇ, ಹೊರುವುದೂ ತಾನೇ ಎಂಬುದು ಅವಳಿಂದ ನುಂಗಲಾಗಲಿಲ್ಲ.

ರಾಚವ್ವ ಸೆರಗಿನಿಂದ ಕೈ ಒರೆಸುತ್ತ ಬಂದಳು. ದಾದರಿನ ಅಯ್ಯನವರು ಹನ್ನೊಂದರ ಗಾಡಿಗೆ ಬರುತ್ತಾರೆ, ಬಂದಕೂಡಲೆ ಪಾದಪೂಜೆ. ಅಷ್ಟರೊಳಗೆ ಅಕ್ಕ ಜಳಕ ಮುಗಿಸಿ ಒಲೆ ಹಚ್ಚಬೇಕು ಎಂದಳು. ಮಡಿಯ ಅಡುಗೆ ಹಿರಿಯಳ ಕೈಯಿಂದಲೇ ಆಗಬೇಕು ಎಂದು ಅವಳದೇ ಹಟ. ದಾನವ್ವ ಎದ್ದು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡಳು.

ಬಚ್ಚಲಿಗೆ ಬಿಳಿಯ ಚೌಕ ಹಾಸು, ಎತ್ತರದಲ್ಲೊಂದು ಕಿಟಕಿ. ನಲ್ಲಿ ತಿರುವಿ ಅದರ ಕೆಳಗೆ ತಂಬಿಗೆ ಹಿಡಿದಳು. ಒಂದು ತಂಬಿಗೆ ಮೈಗೆ, ಇನ್ನೊಂದು. ಚಾಳಿಗೆ ಬಂದಾಗಿನಿಂದ ಹನ್ನೆರಡು ವರ್ಷದ ರೂಢಿ, ಮೂರು ತಂಬಿಗೆಗೆ ಜಳಕ ಮುಗಿದುಹೋಯಿತು. ಸೀರೆ ಸುತ್ತಿಕೊಂಡು ನಲ್ಲಿ ನಿಲ್ಲಿಸಲು ಕೈ ಚಾಚಿದವಳು ಹಾಗೆಯೇ ನಿಂತಳು. ನೀರು ಬೀಳುತ್ತಲೇ ಇತ್ತು. ಯಾರೂ ಕೂಗುತ್ತಿರಲಿಲ್ಲ, ಯಾರೂ ಕೊಡ ಕುಟ್ಟುತ್ತಿರಲಿಲ್ಲ. ಇದು ಹಗಲೆಲ್ಲ ಬೀಳುತ್ತದೆ, ನಾಳೆಯೂ ಬೀಳುತ್ತದೆ, ರಾಚವ್ವನಿಗೆ ಇನ್ನು ಸಾಯುವತನಕ ಬೀಳುತ್ತದೆ.  ದಾನವ್ವ ಚಾಚಿದ ಕೈಯಿಂದ ನಲ್ಲಿಯನ್ನು ಇನ್ನೂ ಪೂರ್ತಿ ತಿರುವಿ, ಕುಕ್ಕರಗಾಲಲ್ಲಿ ಕೂತು, ನೀರು ತೂಬಿಗೆ ಹರಿದು ಹೋಗುವುದನ್ನೇ ನೋಡಿದಳು. ಹೋಗಲಿ, ಎಂದುಕೊಂಡಳು. ಇವಳದೂ ಒಂದಿಷ್ಟು ಮಣ್ಣುಪಾಲಾಗಲಿ.

ಎಷ್ಟು ಹೊತ್ತು ಕೂತಿದ್ದಳೋ ಅವಳಿಗೇ ತಿಳಿಯದು. ಮನೆಯೊಳಗಿನ ನಲ್ಲಿಗೂ ಕೊನೆಯೆಂಬುದಿದೆ, ಮೇಲೆ ತಾರಸಿಯಲ್ಲೊಂದು ನೀರಿನ ಟಾಕಿ ಇರುತ್ತದೆ, ಅದು ತುಂಬುವುದು ದಿನಕ್ಕೆ ಎರಡೇ ಸಲ ಎಂದು ಚಾಳಿನ ಹೆಂಗಸಿಗೆ ಹೇಳಿದವರಾರು? ಧಾರೆ ಸಣ್ಣಗಾಗುತ್ತ ಬಂತು. ಆಮೇಲೆ ನಲ್ಲಿ ಗೊರಗೊರ ಎಂದು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.  ದಾನವ್ವ ನಲ್ಲಿಯನ್ನು ಬಿಗಿಯಾಗಿ ತಿರುವಿ ಹೊರಗೆ ಬಂದಳು. ಬಾಗಿಲ ಹಿಡಿಕೆಯ ಮೇಲೆ ಅವಳಿಗೆಂದು ಯಾರೋ ಒಣ ಟವೆಲ್ ಹಾಕಿಟ್ಟಿದ್ದರು.

ಅವಳು ಏನಾದರೂ ಅನ್ನುವಷ್ಟರಲ್ಲಿ ಅಯ್ಯನವರು ಬಂದೇಬಿಟ್ಟರು. ಗದ್ದೆಯ ಧೂಳು ಮೊಣಕಾಲತನಕ ಮೆತ್ತಿತ್ತು. ನಡುಮನೆಯ ಗದ್ದುಗೆಯಲ್ಲಿ ಕೂರಿಸಿ ಪಾದದ ಕೆಳಗೆ ಹಿತ್ತಾಳೆಯ ಹರಿವಾಣ ಇಟ್ಟರು. ನೆರೆದವರೆಲ್ಲ ಕೈಮುಗಿದು ನಿಂತರು. ರಾಚವ್ವ ಹೊಸ ನೀರೇ ಆಗಲೆಂದು ತಂಬಿಗೆ ತೆಗೆದುಕೊಂಡು ಅಡುಗೆಮನೆಯ ನಲ್ಲಿ ತಿರುವಿದಳು. ಗಾಳಿ ಬಂತು. ಬಚ್ಚಲಿಗೆ ಓಡಿದಳು, ಅಲ್ಲಿಯೂ ಗಾಳಿ. ಮನೆಯಲ್ಲಿ ತುಂಬಿಟ್ಟ ಒಂದು ಚೆಂಬು ನೀರಿರಲಿಲ್ಲ. ನಲ್ಲಿಯಿದ್ದ ಮನೆಯಲ್ಲಿ ಯಾರು ತುಂಬಿಡುತ್ತಾರೆ?

ಸಿದ್ದಲಿಂಗಪ್ಪ ಕೆಳಗಿಳಿದು ವಾಚಮನ್ನನ್ನು ಕೇಳಿ ಬಂದ. ಟಾಕಿ ಪೂರ್ತಿ ಖಾಲಿ, ಪಂಪು ಹಾಕುವುದು ಸಂಜೆ ಐದಕ್ಕೆ. ಕೆಳಗಿನ ಮನೆಯವರೂ ಬಂದು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ನಾಲ್ಕು ಮಾತು ಆಡಿ ಹೋದರು. ಅಯ್ಯನವರು ಧೂಳಿನ ಪಾದವನ್ನು ಒಣ ಹರಿವಾಣದಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಸಿದ್ದಲಿಂಗಪ್ಪನ ಮುಖ ಕಪ್ಪಿಟ್ಟಿತು. ಅಷ್ಟು ಜನರೆದುರು ಹೆಂಡತಿಯ ಕಡೆ ತಿರುಗಿ, "ಮುಂಜಾನಿಂದ ಬಂದವರಿಗೆಲ್ಲ ನಳ ಬಿಟ್ಟು ಬಿಟ್ಟು ತೋರಿಸಿದೆಲ್ಲ, ಈಗ ತೊಳಿ ಪಾದ. ನಿನ್ನ ಡೌಲು ಮುಗೀತಿಲ್ಲೊ?" ಅಂದ.

ರಾಚವ್ವ ತಲೆ ತಗ್ಗಿಸಿ, "ಹೌದ್ರಿ, ನಂದಽ ತಪ್ಪು," ಎಂದಳು.

ದಾನವ್ವ ಆಗಲೇ ಬಾಯಿ ಬಿಡಬೇಕಿತ್ತು. ನಾಲಿಗೆ ಏಳಲಿಲ್ಲ. ಏಳದ್ದು ಬರೀ ಹೆದರಿಕೆಯಿಂದಲೂ ಅಲ್ಲ. ರಾಚವ್ವನ ಮುಖ ಸಪ್ಪಗಾದದ್ದು ಕಂಡು ಅವಳ ಹೊಟ್ಟೆಯೊಳಗೆ ಒಂದು ಗಳಿಗೆ ಹಾಯೆನಿಸಿತ್ತು, ಅದು ಅವಳಿಗೆ ಗೊತ್ತಾಯಿತು. 

ಯಾರೋ ಗದ್ದೆಯಾಚೆ ಕ್ರಿಶ್ಚಿಯನ್ನರ ವಾಡಿಯಲ್ಲಿ ಬಾವಿ ಇದೆ ಎಂದರು. ಮನೆಗೆ ಉಡುಗೊರೆಯಾಗಿ ಬಂದಿದ್ದ ಎರಡು ತಾಮ್ರದ ಕೊಡ ತೆಗೆದುಕೊಂಡು ನೆಗೆಣ್ಣಿಯರಿಬ್ಬರೂ ಹೊರಟರು. ಬಚ್ಚಲ ಬಾಗಿಲಿಗಿದ್ದ ಟವೆಲನ್ನು ರಾಚವ್ವ ಹೆಗಲಿಗೆ ಹಾಕಿಕೊಂಡಳು. ನೆತ್ತಿಯ ಮೇಲೆ ಬಿಸಿಲು. ಬದುವಿನ ಮೇಲೆ ರಾಚವ್ವ ಮುಂದೆ, ದಾನವ್ವ ಹಿಂದೆ. ವಾಡಿಯ ಮುದುಕಿ ಹಗ್ಗ ಕೊಟ್ಟು ಒಳಗೆ ಹೋದಳು. ರಾಚವ್ವ ಕೊಡ ಇಳಿಬಿಟ್ಟು ಜಗ್ಗತೊಡಗಿದಳು.

"ರಾಚವ್ವಾ, ಟಾಕಿ ಖಾಲಿ ಮಾಡಿದಾಕಿ ನಾನು," ಎಂದಳು ದಾನವ್ವ.

ರಾಚವ್ವ ಜಗ್ಗುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ ಅಕ್ಕಾ. ಟವೆಲ್ ಕೊಡಾಕ ಬಂದಿದ್ದೆ, ನೀರಿನ ಸಪ್ಪಳ ಕೇಳಿದೆ. ಭಾಳ ಹೊತ್ತು ಬಿಟ್ಟಿದ್ರಿ. ಹನ್ನೆರಡು ವರ್ಷ ಅಳದು ಅಳದು ಮೈ ತೊಳಕೊಂಡಾಕಿ, ನಮ್ಮಕ್ಕ ಇವತ್ತರ ಮನಸಾರೆ ಜಳಕ ಮಾಡ್ಲಿ ಅಂತ ಸುಮ್ಮನ ಹೋದೆ. ಟಾಕಿ ತೀರ್ತೈತಿ ಅಂತ ನನಗೇನು ಗೊತ್ತು? ಅದನ್ನ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ?"

ದಾನವ್ವ ಬಾವಿಯ ಕಟ್ಟೆ ಹಿಡಿದುಕೊಂಡಳು. ಇಲ್ಲಿಗೆ ಸುಮ್ಮನಾಗಬಹುದಿತ್ತು. ರಾಚವ್ವ ತಾನಾಗಿಯೇ ಒಂದು ಒಳ್ಳೆಯ ಸುಳ್ಳನ್ನು ಕೈಗೆ ಕೊಟ್ಟಿದ್ದಳು. ಅದನ್ನು ಸೆರಗಿಗೆ ಕಟ್ಟಿಕೊಂಡು ಪರಳಕ್ಕೆ ಹೋದರೆ ಕೇಳುವವರು ಯಾರೂ ಇರಲಿಲ್ಲ.

"ನಾ ಜಳಕ ಮಾಡಿದ್ದು ಮೂರು ತಂಬಗಿ," ಅಂದಳು. "ಉಳಿದದ್ದು ಹರಿಯಾಕ ಬಿಟ್ಟೆ. ಕುಂತು ನೋಡಿದೆ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ."

ತುಂಬಿದ ಕೊಡ ಅರ್ಧ ಬಾವಿಯಲ್ಲಿ ನಿಂತಿತು. ರಾಚವ್ವನ ಎರಡೂ ಕೈ ಹಗ್ಗದ ಮೇಲೆ ಬಿಗಿದಿದ್ದವು. ಅವಳು ನೆಗೆಣ್ಣಿಯನ್ನು ನೋಡಿದಳು; ಸಿಟ್ಟಾಗಲಿ ಅಳುವಾಗಲಿ ಮುಖದಲ್ಲಿ ಕಾಣಲಿಲ್ಲ. ಆಮೇಲೆ ಕೊಡ ಮೇಲೆ ಬಂತು.

"ಈಗರ ತಣ್ಣಗಾತೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ," ಎಂದಳು ದಾನವ್ವ. "ಇನ್ನೂ ಉರೀತೈತಿ."

 ಎರಡನೆಯ ಕೊಡವನ್ನೂ ರಾಚವ್ವನೇ ಸೇದಿದಳು. ಟವೆಲನ್ನು ಸಿಂಬಿ ಸುತ್ತಿ ತನ್ನ ತಲೆಗಿಟ್ಟುಕೊಂಡು, ಯಾರ ಸಹಾಯವೂ ಬೇಡವೆಂಬಂತೆ ಕೊಡವನ್ನು ಒಬ್ಬಳೇ ಎತ್ತಿಕೊಂಡು ನಡೆದಳು. ದಾನವ್ವ ಇನ್ನೊಂದನ್ನು ಸೊಂಟದ ಮೇಲಿಟ್ಟುಕೊಂಡು ಹಿಂಬಾಲಿಸಿದಳು. ಬದು ಮುಗಿಯುವತನಕವೂ, ಮೆಟ್ಟಿಲು ಹತ್ತುವಾಗಲೂ ಅವಳು ಮುಂದಿನವಳ ಬೆನ್ನನ್ನೇ ನೋಡುತ್ತಿದ್ದಳು.

ಪಾದಪೂಜೆ ನಡೆಯಿತು. ರಾಚವ್ವ ನೀರು ಹನಿಸಿದಳು, ಸಿದ್ದಲಿಂಗಪ್ಪ ಅಯ್ಯನವರ ಪಾದ ತೊಳೆದ. ಕಾಶಪ್ಪ ಒಂದು ಬದಿಗೆ ಕೈಮುಗಿದು ನಿಂತಿದ್ದ. ದಾನವ್ವ ಮಾತ್ರ ತುಂಬಿದ ಕೊಡವನ್ನು ಸೊಂಟದಿಂದ ಇಳಿಸದೆ ಅಡುಗೆಮನೆಯಲ್ಲಿ ನಿಂತಳು. ಅಲ್ಲಿ ನೀರಿಡಲು ಒಂದು ಕಟ್ಟೆಯಿರಲಿಲ್ಲ, ಒಂದು ಮೂಲೆಯಿರಲಿಲ್ಲ. ದುಂಡು ತಳದ ಕೊಡ, ಹೊಸ ನೆಲದ ಮೇಲೆ ಎಲ್ಲಿಟ್ಟರೂ ಉರುಳಿಬಿಡುವಂತಿತ್ತು. ಸೊಂಟ ಸೋಲುತ್ತಿದ್ದರೂ, ಎಲ್ಲಿಡಲಿ ಎಂದು ರಾಚವ್ವನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ರಾಚವ್ವ ಖಾಲಿ ತಂಬಿಗೆ ಹಿಡಿದು ಒಳಗೆ ಬಂದಳು. ಕೊಡ ಹೊತ್ತು ನಿಂತವಳನ್ನು ನೋಡಿದಳು. ಆಮೇಲೆ ಹೆಗಲ ಮೇಲಿದ್ದ ಒದ್ದೆ ಟವೆಲನ್ನು ಮತ್ತೆ ಸಿಂಬಿ ಸುತ್ತಿ, ಒಲೆಯ ಬದಿಯ ನೆಲದ ಮೇಲಿಟ್ಟು, ಅಂಗೈಯಿಂದ ಒತ್ತಿ ಸರಿಮಾಡಿದಳು. ದಾನವ್ವ ಬಗ್ಗಿ ಕೊಡವನ್ನು ಅದರ ಮೇಲಿಟ್ಟಳು. ಅದು ನಿಲ್ಲುವತನಕ ಇಬ್ಬರೂ ಅದರ ಕಂಠದ ಮೇಲಿನ ಕೈ ತೆಗೆಯಲಿಲ್ಲ.