ಬಿಡಿಸಿಕೊಳ್ಳುವ ಪಟ್ಟು

ಹಿರಿಯ ಗುರುಗಳು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದರು. ಎಲ್ಲಿ ಅಂತೀರಿ? ಅಭ್ಯಾಸದ ಚಾಪೆಯ ಮೇಲೆ, ನಟ್ಟನಡುವೆ, ಊಟದ ಬಿಡುವಿನಲ್ಲಿ. ಟಕ್ ಎಂದು ಒಂದೊಂದು ಉಗುರೂ ಒಂದೊಂದು ದಿಕ್ಕಿಗೆ ಹಾರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದೇ ಚಾಪೆಗೆ ಇಡೀ ಶಿಬಿರವೇ ಕೆನ್ನೆ ಒತ್ತಿ ಬೀಳಬೇಕಿತ್ತು. ಹಾರಿ ಬಂದ ಒಂದು ಚೂರು ಬೇಕರಿಯವಳ ನೀರಿನ ಬಾಟಲಿಗೆ ತಾಗಿ ಕೆಳಗೆ ಬಿತ್ತು. ಅವಳು ಬಾಟಲಿಯನ್ನು ಗೋಡೆಯತ್ತ ಸರಿಸಿದಳು. ಆ ನೀರನ್ನು ಆಮೇಲೆ ಮುಟ್ಟಲಿಲ್ಲ.

ಶಿಬಿರದಲ್ಲಿ ಎಲ್ಲರೂ ಅವಳನ್ನು ಬೇಕರಿಯವಳು ಎಂದೇ ಕರೆಯುತ್ತಿದ್ದರು. ಸುಳ್ಳೇನಲ್ಲ. ಬೆಳಗಿನ ಹೊತ್ತು ಬ್ರೆಡ್ಡಿನ ಹಿಟ್ಟು ನಾದುವುದು ಅವಳ ಹೊಟ್ಟೆಪಾಡು. ಸಂಜೆ ಅದೇ ಬೇಕರಿಯ ಮಹಡಿಯ ಮೇಲೆ, ಮೈದಾ ಮೂಟೆಗಳನ್ನು ಒಂದು ಮೂಲೆಗೆ ಒಟ್ಟಿ, ಓಣಿಯ ಹೆಣ್ಣುಮಕ್ಕಳಿಗೆ ಕುಂಗ್ ಫೂ ಹೇಳಿಕೊಡುವುದು ಅವಳ ಜೀವ. ಅವಳಿಗೆ ಕಲಿಸಿದವರು ಈ ಹಿರಿಯ ಗುರುಗಳ ಶಿಷ್ಯರು. ಆ ಲೆಕ್ಕದಲ್ಲಿ ಅವಳು ಮೊಮ್ಮಗಳಿದ್ದ ಹಾಗೆ. ಅವಳು ಕಲಿಸುವ ಪ್ರತಿಯೊಂದು ಪಟ್ಟೂ ಇಲ್ಲಿಂದಲೇ ಇಳಿದು ಬಂದದ್ದು.

ಶಿಬಿರಕ್ಕೆ ಅವಳು ಬಂದದ್ದು ಬಿರುದು ಬಾವಲಿಗೆ ಅಲ್ಲ. ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ.

ಅವಳ ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎರಡು ವಾರದ ಹಿಂದೆ ಕೆಲಸ ಮುಗಿಸಿ ಬರುವಾಗ ಮೂಲೆಯ ಪಂಕ್ಚರ್ ಅಂಗಡಿಯ ಹತ್ತಿರ ಒಬ್ಬ ಅವಳ ಮಣಿಕಟ್ಟು ಹಿಡಿದ. ತಂಗಿ ಹೆದರಲಿಲ್ಲ. ಹೆದರುವುದೇಕೆ, ಅಕ್ಕನ ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಚುರುಕು. ಕಲಿತ ಹಾಗೆಯೇ ಅಂಗೈ ಮೇಲೆ ಮಾಡಿ, ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ, ಒಂದು ಹೆಜ್ಜೆ ಹಿಂದಿಟ್ಟು ಎಳೆದಳು. ಕೈ ಬರಲಿಲ್ಲ. ಮತ್ತೆ ಎಳೆದಳು. ಅವನು ನಕ್ಕ. ಅಷ್ಟರಲ್ಲಿ ಯಾರೋ ಅಂಗಡಿಯ ಶಟರ್ ಎತ್ತಿದ ಸದ್ದಾಯಿತು, ಅವನು ಕೈ ಬಿಟ್ಟು ಹೋದ. ಓಡಿ ಹೋಗಲೂ ಇಲ್ಲ, ನಡೆದುಕೊಂಡೇ ಹೋದ. ತಂಗಿಯ ಮಣಿಕಟ್ಟಿನ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ನೀಲಿಗಟ್ಟಿ ಮೂಡಿದ್ದವು.

ಮನೆಗೆ ಬಂದವಳು ಅಳಲಿಲ್ಲ. "ನಾನೇ ಎಲ್ಲೋ ತಪ್ಪು ಮಾಡ್ದೆ ಕಣಕ್ಕ" ಎಂದಳು. ಆ ರಾತ್ರಿಯೇ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಪಟ್ಟನ್ನು ಮತ್ತೆ ಮತ್ತೆ ಮಾಡಿ ನೋಡಿದರು. ಪ್ರತಿ ಸಲವೂ ಕೈ ನೀರಿನಂತೆ ಜಾರಿ ಬಂತು. ತರಗತಿಯಲ್ಲಿ ಬರುತ್ತದೆ, ಅಡುಗೆಮನೆಯಲ್ಲಿ ಬರುತ್ತದೆ, ಓಣಿಯಲ್ಲಿ ಬರುವುದಿಲ್ಲ. ಯಾಕೆ? ತಂಗಿ ದಿನಾ ಅದೇ ಮೂಲೆ ದಾಟಿ ಕೆಲಸಕ್ಕೆ ಹೋಗಬೇಕು. ಈಗ ತೋಳು ಮುಚ್ಚುವ ಅಂಗಿ ಹಾಕಿಕೊಂಡು, ಕೈಯನ್ನು ಚೀಲದೊಳಗೆ ತೂರಿಸಿಕೊಂಡು ಹೋಗುತ್ತಿದ್ದಳು. ಉತ್ತರ ಗೊತ್ತಿರುವವರು ಯಾರಾದರೂ ಇದ್ದರೆ ಅದು ಪಟ್ಟಿನ ಮೂಲಪುರುಷರೇ ಎಂದು ನಂಬಿ ಅಕ್ಕ ರಜೆ ಹಾಕಿ, ಚೀಲ ಕಟ್ಟಿ ಬಂದಿದ್ದಳು.

ಬಂದು ನೋಡಿದರೆ ಇದು.

ಮೊದಲ ದಿನ ಕೇಳಲು ಹೋದಾಗ ಗುರುಗಳ ಪಟ್ಟಶಿಷ್ಯ ಅಡ್ಡ ನಿಂತ. ಹಿಂದಿನಿಂದ ಎಲ್ಲರೂ ಅವನನ್ನು ಬಾಲ ಎನ್ನುತ್ತಿದ್ದರು, ಎದುರಿಗೆ ಮಾತ್ರ ಸರ್. ಪ್ರಶ್ನೆಗಳೆಲ್ಲ ಮೂರನೇ ದಿನ, ಅಲ್ಲಿಯವರೆಗೆ ಕಣ್ಣು ತೆರೆದು ಬಾಯಿ ಮುಚ್ಚಿಕೊಂಡಿರಬೇಕು ಎಂದ. ಗುರುಗಳು ಬೆವರಿದಾಗ ಒರೆಸಿಕೊಳ್ಳುತ್ತಿದ್ದದ್ದು ಈ ಬಾಲನ ಅಂಗಿಯ ತೋಳಿಗೆ. ಟವೆಲ್ ಪಕ್ಕದಲ್ಲೇ ನೇತಾಡುತ್ತಿತ್ತು. ಬಾಲ ತೋಳು ಚಾಚಿ, ಹಲ್ಲು ಗಿಂಜಿಕೊಂಡು ನಿಲ್ಲುತ್ತಿದ್ದ.

ಆ ದಿನವೆಲ್ಲ ಗುರುಗಳು ತಮ್ಮ ಬಗ್ಗೆಯೇ ಮಾತಾಡಿದರು. ಒಂದು ಕಾಲದಲ್ಲಿ ಹೇಗೆ ಒಂದು ಗುಂಪನ್ನೇ ಅಟ್ಟಿಸಿಕೊಂಡು ಹೋಗಿದ್ದರು, ಹೇಗೆ ಒಬ್ಬ ಪೈಲ್ವಾನ ಅವರ ಕಣ್ಣು ನೋಡಿಯೇ ಉಚ್ಚೆ ಹೊಯ್ದುಕೊಂಡ, ಇತ್ಯಾದಿ. ನಡುನಡುವೆ ಕಿವಿಯಲ್ಲಿ ಕಿರುಬೆರಳು ತಿರುಗಿಸಿ, ಸಿಕ್ಕಿದ್ದನ್ನು ನೋಡಿ, ಚಾಪೆಗೆ ಒರೆಸುತ್ತಿದ್ದರು. ಕೇಳುವವರು ತಲೆದೂಗುತ್ತಿದ್ದರು. ಬೇಕರಿಯವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ದೊಡ್ಡವರು, ವಯಸ್ಸಾಗಿದೆ, ವಿದ್ಯೆ ದೊಡ್ಡದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎರಡನೇ ದಿನ ಆ ವಿದ್ಯೆಯೂ ಹೊರಬಿತ್ತು. ಮುಟ್ಟದೆ ಕೆಡಹುವ ವಿದ್ಯೆಯಂತೆ. ಗುರುಗಳು ನೊಣ ಓಡಿಸುವವರ ಹಾಗೆ ಕೈ ಬೀಸುವುದು, ಎದುರಿಗಿದ್ದವರು ಹೋ ಎಂದು ಹಿಂದಕ್ಕೆ ಹಾರಿ ಬೀಳುವುದು. ಬಾಗಿಲೆತ್ತರದ ಒಬ್ಬ ಬ್ಯಾಂಕಿನವನಿದ್ದ, ಎರಡು ಮೂಟೆ ಮೈದಾ ಒಟ್ಟಿದಷ್ಟು ಮೈ. ಅವನಂತೂ ಗುರುಗಳ ಕೈ ಏಳುವ ಮೊದಲೇ ಹಿಂದಕ್ಕೆ ಹಾರಿಬಿಟ್ಟಿದ್ದ. ಆಮೇಲೆ ನಲ್ಲಿಯ ಹತ್ತಿರ ಸಿಕ್ಕಾಗ, ನಿಜವಾಗಿಯೂ ಏನಾದರೂ ತಾಗಿತೇ ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ಆಚೀಚೆ ನೋಡಿದ.

"ತಾಗೋದು ಬಿಡೋದು ಯಾಕೆ ಈಗ? ಎಲ್ರೂ ಬಿದ್ರು. ನಾನೊಬ್ಬ ಕಂಬದ ಥರ ನಿಂತ್ಕೊಂಡ್ರೆ ಚೆನ್ನಾಗಿರುತ್ತಾ ಹೇಳಿ?"

ಥೂ, ಇವನ ಮೈಗಿಷ್ಟು ಬೆಂಕಿ ಬೀಳ ಎಂದುಕೊಂಡಳು. ಆದರೆ ಅವಳ ಸರದಿ ಬಂದಾಗ ಅವಳೂ ಬಿದ್ದಳು. ಬೇಕೆಂದು ಬಿದ್ದಳೋ, ನೂಕಿದ ಹಾಗಾಗಿ ಬಿದ್ದಳೋ, ಅವಳಿಗೇ ಗೊತ್ತಾಗಲಿಲ್ಲ. ಸಾಲಿನಲ್ಲಿ ಮುಂದಿನವರೆಲ್ಲ ಬಿದ್ದರು, ಕಾಲು ತಾನಾಗಿ ಮಡಿಚಿಕೊಂಡಿತು. ಚಾಪೆಗೆ ಕೆನ್ನೆ ಒತ್ತಿದಾಗ ಬೆವರಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ನೋಡಿದರೆ ಗುರುಗಳು ಮುಂದಿನವನ ಕಡೆ ತಿರುಗಿಯಾಗಿತ್ತು. ಎದ್ದು ಹೋಗಿ ಮುಖ ತೊಳೆದಳು, ಮತ್ತೆ ತೊಳೆದಳು. ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಆದರೆ ತಂಗಿಯ ಕೈ ನೆನಪಾಯಿತು, ಉಳಿದಳು.

ಮೂರನೇ ದಿನ ಊಟವಾಗಿ, ಉಗುರಿನ ಕೆಲಸವೂ ಮುಗಿದು, ಗುರುಗಳು ತೇಗುತ್ತಾ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಬಾಲ ಕೈ ತೋರಿಸಿದ ಮೇಲೆ ಬೇಕರಿಯವಳು ಎದ್ದು ನಿಂತಳು. ತಂಗಿಗೆ ಆದದ್ದನ್ನು ಒಂದೂ ಬಿಡದೆ ಹೇಳಿದಳು. ಪಟ್ಟನ್ನು ತಾನೇ ಕಲಿಸಿದ್ದು, ತಾನೇ ತಿದ್ದಿದ್ದು, ಅದರಲ್ಲಿ ತಪ್ಪಿರಲಿಲ್ಲ, ಆದರೂ ಕೈ ಯಾಕೆ ಬರಲಿಲ್ಲ ಎಂದು ಕೇಳಿದಳು.

ಗುರುಗಳು ಹಲ್ಲಿನ ಸಂದಿಯಿಂದ ಏನನ್ನೋ ನಾಲಗೆಯಲ್ಲೇ ಎಬ್ಬಿಸಿ ನುಂಗಿದರು. ಹುಡುಗಿಗೆ ಶ್ರದ್ಧೆ ಸಾಲದು, ಅಷ್ಟೇ ಎಂದರು. ಶ್ರದ್ಧೆ ಇದ್ದರೆ ಕಬ್ಬಿಣದ ಬೇಡಿಯೂ ಬಿಡುತ್ತದಂತೆ. ಸಭೆ ಹೌದೆಂದು ಗುನುಗಿತು. ಆಮೇಲೆ ಕೈ ಚಾಚಿ, ಬಾ, ಹಿಡಿ, ತೋರಿಸುತ್ತೇನೆ ಎಂದರು.

ಅವಳು ಹೋಗಿ ಹಿಡಿದಳು. ಒದ್ದೆ ಕೈ, ಮೆತ್ತಗೆ, ಅದರ ಮೇಲೆ ಯಾವುದೋ ಗುಲಾಬಿ ವಾಸನೆಯ ಕ್ರೀಮು. ಗುರುಗಳು ತಿರುಗಿಸಿದರು. ಕೈ ಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಕರಿಯವಳು ಮಾತ್ರ ತನ್ನ ಬೆರಳುಗಳನ್ನೇ ನೋಡುತ್ತಾ ನಿಂತಳು. ಅವರು ಬಿಡಿಸಿಕೊಂಡಿರಲಿಲ್ಲ. ಅವರ ಕೈ ತಿರುಗಲು ಶುರುವಾದದ್ದೇ ತಡ, ಅವಳ ಬೆರಳು ತಾವಾಗಿಯೇ ತೆರೆದಿದ್ದವು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಇನ್ನೊಂದು ಸಲ ತೋರಿಸಿ ಎಂದಳು.

ಈ ಸಲ, ಓಣಿಯಲ್ಲಿ ತಂಗಿಯನ್ನು ಅವನು ಹಿಡಿದ ಹಾಗೆ ಹಿಡಿದಳು. ದಿನವೂ ಬೆಳಗಾಗುವ ಮೊದಲೇ ಗಟ್ಟಿ ಹಿಟ್ಟನ್ನು ಮಣಿಸುವ ಬೆರಳುಗಳು. ಗುರುಗಳು ತಿರುಗಿಸಿದರು, ಬರಲಿಲ್ಲ. ನಗುತ್ತಲೇ ಎಳೆದರು, ಬರಲಿಲ್ಲ. ಹೆಜ್ಜೆ ಬದಲಿಸಿ, ಹೊಟ್ಟೆಯನ್ನು ಅವಳ ಮೊಣಕೈಗೆ ಒತ್ತಿ ಜಗ್ಗಿದರು. ಈರುಳ್ಳಿ ತೇಗು ಅವಳ ಮುಖಕ್ಕೆ ಬಡಿಯಿತು. ಅವರ ಕುತ್ತಿಗೆಯ ನರ ಉಬ್ಬಿತು, ಹಣೆಯ ಬೆವರು ಮೂಗಿನ ತುದಿಗೆ ಇಳಿದು ಅವಳ ಮುಂಗೈ ಮೇಲೆ ತೊಟ್ಟಿಕ್ಕಿತು.

"ಬಿಡು" ಎಂದರು ಗುರುಗಳು, ಅವಳಿಗಷ್ಟೇ ಕೇಳುವ ಹಾಗೆ.

"ಅವನು ಬಿಡ್ಲಿಲ್ಲ, ಗುರುಗಳೇ."

ಆಗ ಅವರು ಮಾಡಿದ್ದೇನು ಗೊತ್ತೆ? ಸಭೆಯ ಕಡೆ ಮುಖ ಮಾಡಿ ನಗುತ್ತಲೇ, ಖಾಲಿ ಇದ್ದ ಕೈಯಿಂದ ಅವಳ ರಟ್ಟೆಯ ಒಳಭಾಗವನ್ನು ಚಿವುಟಿದರು. ಕಿವಿಯೊಳಗೆ ತಿರುಗಿಸಿದ ಅದೇ ಬೆರಳಿನ ಉಗುರು ಊರಿ, ಚರ್ಮ ಹಿಡಿದು ತಿರುಚಿದರು. ಇಷ್ಟು ವರ್ಷದ ಸಾಧನೆ, ಇಷ್ಟು ದೊಡ್ಡ ಹೆಸರು, ಕೊನೆಗೆ ಒಂದು ಚಿವುಟು. ನೋವಿಗಿಂತ ಹೆಚ್ಚಾಗಿ ಹೇಸಿಗೆಗೆ ಅವಳು ಕೈ ಬಿಟ್ಟಳು.

ಗುರುಗಳು ಮಣಿಕಟ್ಟನ್ನು ಬಾಲನ ತೋಳಿಗೆ ಒರೆಸಿಕೊಂಡರು. ಉಸಿರು ಸರಿಹೋದ ಮೇಲೆ ಸಭೆಗೆ ಹೇಳಿದರು:

"ನೋಡಿದ್ರಲ್ಲ, ಹೀಗೆ ಹಿಡೀಬಾರ್ದು. ತಿರುಗ್ಸಿದ ತಕ್ಷಣ ಬಿಟ್ಬಿಡ್ಬೇಕು, ಅದು ಎದುರಿಗಿರೋರಿಗೆ ಕೊಡೋ ಮರ್ಯಾದೆ. ಈಕೆಗೆ ಪಟ್ಟು ಕಲಿಸಿದೋರು ಮರ್ಯಾದೆ ಕಲಿಸ್ಲಿಲ್ಲ."

ಎಲ್ಲರ ತಲೆಯೂ ಆಡಿತು. ಬ್ಯಾಂಕಿನವನ ತಲೆ ಎಲ್ಲರಿಗಿಂತ ಜೋರಾಗಿ ಆಡಿತು. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಬೇಕರಿಯವಳಿಗೆ ಒಂದು ಗಳಿಗೆ ಅನ್ನಿಸಿತು. ಮೈಯೆಲ್ಲ ಉರಿಯುತ್ತಿದ್ದುದರಿಂದ ಹುಡುಕಲು ಹೋಗಲಿಲ್ಲ. ಸೀದಾ ನಲ್ಲಿಗೆ ಹೋಗಿ ಕೈ ಉಜ್ಜಿದಳು. ಗುಲಾಬಿ ವಾಸನೆ ಹೋಗಲಿಲ್ಲ. ಸಮಾರೋಪಕ್ಕೆ ನಿಲ್ಲದೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಮನುಷ್ಯನ ಮುಖಕ್ಕೆ ಹೇಳಬಹುದಾಗಿದ್ದ ಮಾತುಗಳು ಒಂದರ ಹಿಂದೊಂದು ನೆನಪಾಗಿ, ಬಾಯೊಳಗೇ ಸತ್ತವು.

ಮನೆಗೆ ಬಂದಾಗ ತಂಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಚೀಲ ಇಳಿಸಿದವಳೇ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಉಗುರು ಹಾರಿದ್ದು, ಬಾಲನ ತೋಳು, ಬ್ಯಾಂಕಿನವನು ಹಾರಿದ್ದು. ತಂಗಿ ಒದ್ದೆ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ವಾರದಿಂದ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ರಟ್ಟೆಯ ಗಾಯ ನೋಡಿದಾಗ ನಗು ನಿಂತಿತು. ಅದಕ್ಕೆ ಅರಿಸಿನ ಹಚ್ಚುತ್ತಾ, ಹಾಗಾದರೆ ತಪ್ಪು ನನ್ನದಲ್ಲವಲ್ಲ ಎಂದು ಕೇಳಿದಳು.

"ನಿಂದಲ್ಲ ಪುಟ್ಟಿ. ಎಲ್ಲಾ ಆ ಮುದುಕಂದು. ಅವನ ಮುಂದೆ ಗಟ್ಟಿಯಾಗಿ ಹಿಡಿದೋರೇ ಇಲ್ಲ, ಅದಕ್ಕೇ ಅವನಿಗೆ ಬಿಡಿಸ್ಕೊಳ್ಳೋಕೆ ಬರೋದೂ ಇಲ್ಲ. ಬಾ, ಹಿಡಿ ನನ್ನ ಕೈ. ಗಟ್ಟಿಯಾಗಿ ಹಿಡಿ. ಏನು ಮಾಡಿದ್ರೆ ಬರುತ್ತೆ, ಇವತ್ತೇ ನೋಡ್ಬಿಡೋಣ."

ತಂಗಿ ಕೈ ಒರೆಸಿಕೊಂಡು ಹಿಡಿದಳು. ಅಕ್ಕ ತಿರುಗಿಸಿದಳು. ಕೈ ಜಾರಿ ಬಂತು.

ಬಿಡಬೇಡ ಎಂದಳು ಅಕ್ಕ. ತಂಗಿ ತುಟಿ ಕಚ್ಚಿ ಮತ್ತೆ ಹಿಡಿದಳು. ಅಕ್ಕ ಇನ್ನೂ ಅರ್ಧ ತಿರುಗಿಸಿರಲಿಲ್ಲ, ಬೆರಳು ತೆರೆದವು. ಇನ್ನೊಂದು ಸಲ, ಮತ್ತೊಂದು ಸಲ. ತಂಗಿ ತನ್ನ ಕೈಯನ್ನು ದೀಪದ ಕೆಳಗೆ ಹಿಡಿದು, ಬೇರೆ ಯಾರದೋ ಕೈ ನೋಡುವವಳಂತೆ ನೋಡಿದಳು.

"ಆಗ್ತಿಲ್ಲ ಅಕ್ಕ. ತಾನಾಗೇ ಬಿಟ್ಬಿಡುತ್ತೆ." ಆಮೇಲೆ ದೂರುವ ದನಿಯೇ ಇಲ್ಲದೆ ಹೇಳಿದಳು: "ಶುರುನಲ್ಲಿ ನಾನು ಗಟ್ಟಿಯಾಗೇ ಹಿಡೀತಿದ್ದೆ, ನೆನಪಿದ್ಯಾ? ನೀನೇ ಎಲ್ರ ಮುಂದೆ ಬೈದೆ. ತಿರುಗ್ಸಿದ ತಕ್ಷಣ ಬಿಡ್ಬೇಕು, ಅದು ಮರ್ಯಾದೆ ಅಂದೆ."

ಆ ಮಾತನ್ನು ಎಲ್ಲಿ ಕೇಳಿದ್ದೆ ಎಂದು ಅಕ್ಕನಿಗೆ ಈಗ ತಿಳಿಯಿತು. ಮೈದಾ ಮೂಟೆಗಳ ನಡುವೆ ನಿಂತು, ಅದೇ ಗತ್ತಿನಲ್ಲಿ, ಪ್ರತಿ ಸಂಜೆ ತಾನೇ ಹೇಳಿದ್ದು. ಹುಡುಗಿಯರ ಕೈಯಿಂದ ತನ್ನ ಕೈ ಸಲೀಸಾಗಿ ಜಾರಿ ಬಂದಾಗಲೆಲ್ಲ ತಾನು ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂದು ಉಬ್ಬಿದ್ದು. ಅವರು ಬಿಡುತ್ತಿದ್ದರು, ತಾನು ಬಿಡಿಸಿಕೊಂಡೆ ಅಂದುಕೊಳ್ಳುತ್ತಿದ್ದಳು. ಅವರೆಲ್ಲರೂ ಸಂಜೆ ಮೆಟ್ಟಿಲಿಳಿದು, ಅದೇ ಓಣಿಗಳಲ್ಲಿ, ಅದೇ ಧೈರ್ಯದಿಂದ ಮನೆಗೆ ಹೋಗುತ್ತಿದ್ದರು. ಅಂಗೈಯಿಂದ ಗುಲಾಬಿ ವಾಸನೆ ಮತ್ತೆ ಎದ್ದು ಬಂತು. ಅವಳು ಸಿಂಕಿಗೆ ಹೋಗಿ ಕೈಯನ್ನು ಮತ್ತೆ ಉಜ್ಜಿದಳು.

ತಂಗಿ ನೀರು ಕೊಟ್ಟಳು. ಅಕ್ಕ ಕುಡಿದಾದ ಮೇಲೆ ತಂಗಿ ತನ್ನ ಬಲಗೈಯ ಅಂಗಿತೋಳನ್ನು ಮೊಣಕೈವರೆಗೆ ಮಡಿಸಿ ಕೈಯನ್ನು ಮುಂದೆ ಚಾಚಿದಳು. ನೀಲಿ ಹೋಗಿ ಹಳದಿ ಮಾತ್ರ ಉಳಿದಿತ್ತು.

"ನಿನಗೆ ಹಿಡಿಯೋಕೆ ಬರುತ್ತಲ್ಲ. ಅವನು ಹಿಡ್ದಂಗೆ ಹಿಡಿ. ನಾನು ಅತ್ರೂ ಬಿಡ್ಬೇಡ."

ಅಕ್ಕ ಹಿಡಿದಳು. ಅವಳ ಹೆಬ್ಬೆರಳು ಸರಿಯಾಗಿ ಆ ಹಳದಿ ಕಲೆಯ ಮೇಲೆ ಕೂತಿತು. ತಂಗಿ ತಿರುಗಿಸಿದಳು, ಹೆಜ್ಜೆ ಹಿಂದಿಟ್ಟಳು, ಎಳೆದಳು. ಬರಲಿಲ್ಲ. ಮತ್ತೆ ಎಳೆದಳು, ಕಣ್ಣಲ್ಲಿ ನೀರು ತುಂಬಿತು. ತನ್ನ ಕೈಯ ಮೇಲೆ ತನಗೇ ಅಸಹ್ಯ ಹುಟ್ಟುತ್ತಿದ್ದರೂ ಅಕ್ಕ ಬಿಡಲಿಲ್ಲ.