ಕಂಟ್ರೋಲು ಯಾರ ಕೈಲಿತ್ತು

ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಬಾಲ ಹಿಡಿದು ಮದ್ದೂರಿನಿಂದ ಹೊರಟ ಬಸ್ಸು, ಸೈಕಲ್ಲೊಂದು ಪಕ್ಕದಲ್ಲೇ ದಾಟಿ ಹೋಯಿತು, ಎಂಟು ಸಾವಿರ ಗಂಟೆ ವಿಮಾನ ಹಾರಿಸಿದ ರವಿಚಂದ್ರ ಕಿಟಕಿಗೆ ತಲೆಯಾನಿಸಿ ಕೂತಿದ್ದಾನೆ, ಮಳವಳ್ಳಿ ಬಾರದಿದ್ದರೇ ಚೆನ್ನ, ಬಂದರೆ ಇಳಿಯಬೇಕು, ಇಳಿದರೆ ಮಂಜುಶ್ರೀಯ ಮುಖ ನೋಡಬೇಕು — ನಮ್ಮ ಕಡೆಯ ಹುಡುಗಿ ಅಂತ ಅವನೇ ಮುತುವರ್ಜಿಯಿಂದ ಹಾರಲು ಕಲಿಸಿದವಳು, ಧೈರ್ಯ ಇಲ್ಲದವರು ವಿಮಾನ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದ ಅವಳಿಗೆ, ಧೈರ್ಯ ಎಲ್ಲಿ ಮುಗಿಯಿತು, ಜಂಬ ಎಲ್ಲಿ ಶುರುವಾಯಿತು, ನಡುವೆ ಬದುವೇ ಇರಲಿಲ್ಲವಲ್ಲ — ಆ ಬೆಳಿಗ್ಗೆ ಅಡ್ಡಗಾಳಿ, ಇಬ್ಬರೇ ಕೂರುವ ಪುಟ್ಟ ವಿಮಾನ, ಇಂಥ ಗಾಳಿಯಲ್ಲಿ ಇಳಿಸೋದು ಹೇಗೆ ನೋಡು ಅಂತ ಕಂಟ್ರೋಲು ತಾನೇ ತೆಗೆದುಕೊಂಡ, ವೇಗ ಹೆಚ್ಚಿತ್ತು, ಅರ್ಧ ರನ್‌ವೇ ಆಗಲೇ ಹಿಂದಕ್ಕೆ ಸರಿದಿತ್ತು, ಸರ್, ಬೇಡ ಸರ್, ಇನ್ನೊಂದು ಸುತ್ತು ಹೊಡೆದು ಬರೋಣ, ಸುಮ್ನಿರಮ್ಮ, ಬೇಡ ಸರ್, ಮೇಲಕ್ಕೆತ್ತಿ ಸರ್, ನಂಗೇ ಹೇಳ್ಕೊಡ್ತೀಯಾ — ಚಕ್ರ ಬಡಿಯಿತು, ಪುಟಿಯಿತು, ಮತ್ತೆ ಬಡಿದು ಮೂಗು ಮಣ್ಣಿಗೆ ಹೊಕ್ಕಿತು. ಅವಳ ಮುಂಗೈ ಮುರಿಯಿತು, ತಲೆಗೆ ಪೆಟ್ಟು, ಅವನಿಗೆ ಒಂದು ತರಚೂ ಇಲ್ಲ, ಮಾತು ರೆಕಾರ್ಡಾಗುವ ಪೆಟ್ಟಿಗೆ ಅಷ್ಟು ಚಿಕ್ಕ ವಿಮಾನದಲ್ಲಿ ಎಲ್ಲಿಂದ ಬರಬೇಕು, ವಿಚಾರಣೆಯವರು ಕೇಳಿದರು, ಹುಡುಗಿ ಗಾಬರಿಯಾಗಿ ಕಂಟ್ರೋಲು ಎಳೆದಳು ಅಂದುಬಿಟ್ಟ, ಮೂವತ್ತು ವರ್ಷದ ಹೆಸರು ಅವನ ಬಾಯಲ್ಲಿ ಕೂತು ಆಡಿದ ಮಾತು, ಹಾರಾಟ ಕಲಿಸುವ ಶಾಲೆಯವರು ಅವಳನ್ನು ಮನೆಗೆ ಕಳಿಸಿದರು, ಅವಳು ತುಟಿ ಎರಡು ಮಾಡಲಿಲ್ಲ, ಯಾಕೆ ಮಾಡಲಿಲ್ಲ, ಅದೇ ಕೊರೆಯುತ್ತದೆ, ಮಳವಳ್ಳಿ ಇಳೀರಿ ಅಂತ ಕಂಡಕ್ಟರ್ ಕೂಗುತ್ತಿದ್ದಾನೆ, ಇಳಿದ, ನಡೆದ, ಬಾಗಿಲಲ್ಲಿ ಅವಳ ತಾಯಿ ಪುಟ್ಟಮಾದಮ್ಮ, ಬನ್ನಿ ಸಾ, ಕೂತ್ಕಳಿ, ನೀವಿಲ್ದೆ ಓಗಿದ್ರೆ ನನ್ ಮಗ್ಳು ಉಳೀತಿರ್ನಿಲ್ಲ ಅಂತವ್ರೆ ಎಲ್ರೂವೆ, ನೀರು ತತ್ತೀನಿ — ಗೋಡೆಗೊರಗಿ ಮಂಜುಶ್ರೀ, ಕೈಗೆ ಪಟ್ಟಿ, ಬಗ್ಗಿಸಿದ ತಲೆ ಎತ್ತದೆ ಕೇಳುತ್ತಾಳೆ, ಸರ್, ತಲೆಗೆ ಏಟು ಬಿದ್ಮೇಲೆ ನಂಗೆ ಏನೂ ಸರಿಯಾಗಿ ನೆನಪಾಗ್ತಿಲ್ಲ, ನೀವೇ ಹೇಳಿದ್ದೀರಲ್ಲ, ನಾನು ಕಂಟ್ರೋಲು ಎಳೆದ್ನಾ ಸರ್? ಅಯ್ಯೋ, ಇದಕ್ಕೇ ಸುಮ್ಮನಿದ್ದಳೇ, ತನ್ನನ್ನೇ ನಂಬದೆ ಅವನನ್ನು ನಂಬಿದಳೇ, ಹೌದು ಅಂದರೆ ಮುಗಿಯಿತು, ಯಾರೂ ಕೇಳುವುದಿಲ್ಲ, ಬಾಯಿ ತೆರೆದರೆ ಹುಟ್ಟೂರು ಬೆಸಗರಹಳ್ಳಿಯ ಮಾತೇ ಬಂತು, ಇಲ್ಲ ಕಣವ್ವ, ನೀನು ಎಳೀನಿಲ್ಲ, ಕಂಟ್ರೋಲು ನನ್ ಕೈಲಿತ್ತು, ಬ್ಯಾಡ ಅಂತ ನೀನು ಎರಡು ಸಲ ಏಳ್ದೆ, ನಾನೇ ಕೇಳ್ನಿಲ್ಲ, ಇಚಾರಣೆಯವ್ರ್ಗೂ ಇದ್ನೇ ಬರ್ಕೊಡ್ತೀನಿ. ಎರಡು ಸಲ, ಅಂದಳು ಅವಳು, ತನಗೆ ತಾನೇ, ಕಳೆದದ್ದು ಸಿಕ್ಕಿದವಳ ಹಾಗೆ, ತಲೆ ಎತ್ತಿದಳು, ಅವನಿಗೆ ನೋಡಲಾಗಲಿಲ್ಲ, ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಪುಟ್ಟಮಾದಮ್ಮ, ನೀರು ಕೊಡಲು ಚಾಚಿದ ಕೈ ಚಾಚಿದಂತೆಯೇ, ಕೊಡುತ್ತಲೂ ಇಲ್ಲ, ಹಿಂದಕ್ಕೆ ತೆಗೆಯುತ್ತಲೂ ಇಲ್ಲ, ಬಯ್ಯಬಾರದೇ ತಾಯಿ, ಅಂಚಿನವರೆಗೆ ತುಂಬಿದ ಚೊಂಬು, ಒಂದು ಹನಿ ತುಳುಕದ ಚೊಂಬು, ಅವಳಿಗೂ ಅವನಿಗೂ ನಡುವೆ ಆ ಚೊಂಬು —