ಟವೆಲ್ಲಿನ ಕೆಳಗೆ ಎರಡು ಬೆರಳು

ನನ್ನ ತಂಗಿ ಮೀನಾ ಬೆಂಗಳೂರಿನಿಂದ ಬರುವಾಗ ಹದಿನಾರು ಜನರ ಮಿದುಳು ತಂದಿದ್ದಳು. ಗಾಬರಿಯಾಗಬೇಡಿ, ಸೀಡಿಯಲ್ಲಿ. ಇದು 2004ರ ಮಾತು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಹೆಸರು ದೊಡ್ಡದು, ಕಂಪ್ಯೂಟರು ಎರಡೇ. ಅವುಗಳಲ್ಲಿ ಒಳ್ಳೆಯದನ್ನು ಅವಳು ಬಂದ ದಿನವೇ ಹಿಡಿದು ಕೂತಳು. ಅರ್ಜಿ ಟೈಪು ಮಾಡಿಸಲು ಬಂದ ಗಿರಾಕಿಗಳೆಲ್ಲ ಇನ್ನೊಂದರ ಮುಂದೆ ಪಾಳಿ ಹಚ್ಚಿ ನನ್ನ ಮುಖ ನೋಡುತ್ತಿದ್ದರು.

ಅವಳ ಪಿಎಚ್‌.ಡಿ. ಸಂಶೋಧನೆಯೂ ಅವಳ ಹಾಗೇ ವಿಚಿತ್ರ. ನಮ್ಮ ದನದ ಸಂತೆಯಲ್ಲಿ ದಲಾಲರು ಎತ್ತಿನ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ಮುಗಿಸುತ್ತಾರೆ. ಜೀವಮಾನವಿಡೀ ಹೀಗೆ ಬೆರಳಲ್ಲಿ ಲೆಕ್ಕ ಮಾಡಿದವರ ಮಿದುಳು ಬೇರೆಯವರಿಗಿಂತ ಬೇರೆ ರೀತಿ ಕೆಲಸ ಮಾಡುತ್ತದೆಯೇ ಎಂಬುದು ಅವಳ ಪ್ರಶ್ನೆ. ಎಂಟು ದಲಾಲರನ್ನೂ, ಆ ಭಾಷೆ ಗೊತ್ತೇ ಇಲ್ಲದ ಎಂಟು ರೈತರನ್ನೂ ಬೆಂಗಳೂರಿನ ಆಸ್ಪತ್ರೆಗೆ ಒಯ್ದು, ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಬೆರಳು ಮುಟ್ಟಿಸಿ ನೋಡಿದ್ದಳು.

ದಲಾಲರನ್ನು ಬಸ್ಸು ಹತ್ತಿಸಿದ್ದು ನಮ್ಮ ಅಪ್ಪನ ಗೆಳೆಯ, ಆ ಎಂಟರಲ್ಲಿ ಹಿರಿಯ ದಲಾಲ ಹಜರತಸಾಬ ಕಾಕಾ. ಆತ ಹೂಂ ಎನ್ನದಿದ್ದರೆ ಒಬ್ಬನೂ ಕದಲುತ್ತಿರಲಿಲ್ಲ. ಯಂತ್ರದೊಳಗೆ ಎಲ್ಲರಿಗಿಂತ ಮೊದಲು ಹೊಕ್ಕವನು ತಾನೇ ಎಂದು ಊರಿಗೆ ಬಂದ ಮೇಲೆ ಸಂತೆ ಸಂತೆಗೂ ಹೇಳುತ್ತಿದ್ದ. "ಹುಲಿ ಗವಿಯಾಗ ಹೊಕ್ಕಂಗ ಹೊಕ್ಕೆ ನೋಡ್ರಿ. ಆ ಮಿಶನ್ನು ಏನ ಒದರ್ತೈತಿ! ನಾ ಮಿಸುಕಲಿಲ್ಲ!" ಈ ಕತೆಗೆ ಅವನಿಗೆ ಎಷ್ಟು ಚಹಾ ಸಿಕ್ಕಿತೋ ದೇವರೇ ಬಲ್ಲ.

ನಾಲ್ಕು ದಿನವಾದರೂ ಮೀನಾ ಕಂಪ್ಯೂಟರ್ ಬಿಡದಾಗ ನನಗೆ ಸಿಟ್ಟು ಬಂತು.

"ಚಿತ್ರ ತಗದಾತಲ್ಲ? ಇನ್ನೇನ ಮಾಡಾಕ ಹತ್ತೇತಿ ಇದು?"

"ಹೆಸರು ಕಲಸಾಕ ಹತ್ತೇತಿ," ಎಂದಳು. "ದಲಾಲರ ಮಿದುಳಿಗೂ ರೈತರ ಮಿದುಳಿಗೂ ಫರಕ್ ಕಾಣ್ತೈತಿ ಅಣ್ಣಾ. ಆದ್ರ ಅದು ಖರೇನ ಫರಕ್ಕೋ, ಸುಮ್ಮನ ಹಂಗ ಬಂದೈತೋ? ಅದಕ್ಕ 'ದಲಾಲ', 'ರೈತ' ಅನ್ನೂ ಚೀಟಿ ಎಲ್ಲಾ ಕಲಸಿ, ಯಾರಿಗೆ ಬೇಕಾದ್ರೂ ಹಂಚೂದು. ಫರಕ್ ಎಷ್ಟ ಬರ್ತೈತಿ ನೋಡೂದು. ಹಿಂಗ ಐದ ಸಾವಿರ ಸಲ. ಅಡ್ಡಾದಿಡ್ಡಿ ಹಂಚಿದ್ರೂ ಇಷ್ಟ ಫರಕ್ ಮತ್ತ ಮತ್ತ ಬಂತಂದ್ರ, ನನ್ನದೇನೂ ಹೆಚ್ಚಿಂದಲ್ಲ ಅಂತ ಅರ್ಥ. ನೂರಕ್ಕ ಐದಕ್ಕಿಂತ ಕಡಿಮಿ ಸಲ ಬಂದ್ರ ನಾ ಗೆದ್ದೆ."

"ಸೋತ್ರ?"

"ನಾಕ ವರ್ಷದ ಕೆಲಸ ಹೋತು. ಮತ್ತ ಮೊದಲಿಂದ ಶುರು."

ಅವಳು ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದಳೆಂದರೆ, ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕರೆಂಟು ಹೋಗಿ ಕಲಸಿದ್ದೆಲ್ಲ ಮಣ್ಣುಪಾಲಾದಾಗ ಪಕ್ಕದ ಅಂಗಡಿಯಿಂದ ಬ್ಯಾಟರಿ ತಂದು ನಾನೇ ಜೋಡಿಸಿದೆ.

ಮರುದಿನ ಉತ್ತರ ಬಂತು. ನೂರಕ್ಕೆ ಏಳು. ಐದಕ್ಕಿಂತ ಹೆಚ್ಚು, ಅಂದರೆ ಸೋಲು. ಮೀನಾ, ಕಲಸಿದ ಅಷ್ಟೂ ಹಂಚಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಫರಕು ಕೊಟ್ಟಿದ್ದು ಯಾವುದೆಂದು ತೆಗೆದು ನೋಡಿದಳು. ಅದರಲ್ಲಿ ಹದಿನಾಲ್ಕು ಜನ ತಮ್ಮ ತಮ್ಮ ಗುಂಪಿನಲ್ಲೇ ಇದ್ದರು. ಅದಲು ಬದಲಾದವರು ಇಬ್ಬರೇ. ಹಜರತಸಾಬ ರೈತನಾಗಿದ್ದ, ಚಚಡಿ ಊರಿನ ರೈತ ಸತ್ಯಪ್ಪ ದಲಾಲನಾಗಿದ್ದ.

"ಅಣ್ಣಾ, ಇವರಿಬ್ಬರೂ ಒಬ್ಬರ ಹಿಂದ ಒಬ್ಬರು ಹೋದವರು. ಅಲ್ಲೇ ಹೆಸರು ಅದಲು ಬದಲು ಆಗಿರಬೇಕ."

"ನೀ ಅಲ್ಲೇ ಇದ್ದೆಲ್ಲ? ಮಾರಿ ನೋಡಲಿಲ್ಲ?"

"ಹೆಸರು ಕೂಗಿ ಒಳಗ ಕಳಿಸಿದವರು ಆಸ್ಪತ್ರಿಯವರು. ನಾ ಗಾಜಿನ ಆಚಿಕಡೆ ಕುಂತಿದ್ದೆ. ನನಗ ಕಂಡಿದ್ದು ಬರೇ ಪಾದ."

ಹಿಮ್ಮಡಿ ಒಡೆದ ಪಾದಗಳನ್ನು ನೋಡಿ ನಮ್ಮ ಕಡೆಯವರ ಗುರುತು ಹಿಡಿಯಲು ಅವರ ಹೆಂಡಂದಿರಿಗೂ ಆಗಲಿಕ್ಕಿಲ್ಲ. ನನಗೆ ಖುಷಿಯಾಯಿತು. "ಹಂಗಾದ್ರ ಹೆಸರು ಬದಲಿ ಮಾಡಿಬಿಡು, ಗೆದ್ದಿ!" ಎಂದೆ. ಅವಳು ನನ್ನನ್ನು ಜೇಬುಗಳ್ಳನನ್ನು ನೋಡುವಂತೆ ನೋಡಿದಳು.

"ಉತ್ತರ ಚಲೋ ಬರ್ತೈತಿ ಅಂತ ಹೆಸರು ಬದಲಿಸಿದ್ರ ಅದು ಕಳವು. ಖರೇನ ಅದಲು ಬದಲು ಆಗಿತ್ತಂತ ಅವರ ಬಾಯಿಂದನ ಬರಬೇಕು. ಯಾವ ಮಾತು ನನಗ ಬೇಕಂತ ಅವರಿಗೆ ಗೊತ್ತೂ ಆಗಬಾರದು. ಗೊತ್ತಾದ್ರ ಕಾಕಾ ನನ್ನ ಮ್ಯಾಲಿನ ಪ್ರೀತಿಗೆ ಏನ ಬೇಕಾದ್ರೂ ಹೇಳಿಬಿಡ್ತಾನ."

ಅದಂತೂ ನಿಜ. ಹಿಂದೆ ಅವಳು ಗಣಿತದಲ್ಲಿ ಫೇಲಾದಾಗ, ಪೇಪರು ನೋಡಿದ ಮಾಸ್ತರನಿಗೇ ಕಣ್ಣು ಕಾಣುವುದಿಲ್ಲ ಎಂದು ಓಣಿಯಲ್ಲೆಲ್ಲ ಸಾರಿದವನು ಆತ.

ಸಂತೆಯ ದಿನ ಇಬ್ಬರೂ ಹೋದೆವು. ಹಜರತಸಾಬ ಎತ್ತುಗಳ ನಡುವೆ, ಮಂದಿಯ ನಡುವೆ ನಿಂತಿದ್ದ.

"ಬರ್ರಿ ಬರ್ರಿ, ಡಾಕ್ಟರವ್ವಾರು ಬಂದ್ರು!"

"ಕಾಕಾ, ಒಂದ ಮಾತು ಕೇಳೂದಿತ್ತು. ಮಿಶನ್ನಿನ್ಯಾಗ ಮೊದಲ ಯಾರು ಹೋದ್ರಿ? ನಡದದ್ದು ನಡದಂಗ ಹೇಳ್ರಿ."

"ಕಾಕಾ, ನೀವು ಬರೇ ಸತ್ಯಪ್ಪ..." ಎಂದು ನಾನು ಬಾಯಿ ತೆರೆದೆ. ಮೀನಾ ನನ್ನ ಕಾಲು ತುಳಿದಳು. ಆ ಉಗುರು ಆಮೇಲೆ ಕಪ್ಪಾಯಿತು.

"ಅದೇನ ಕೇಳ್ತಿ ಮಗಳ? ನಾನ!" ಎಂದು ಹಜರತಸಾಬ ಎಲ್ಲರಿಗೂ ಕೇಳುವಂತೆ ಕೂಗಿದ. ಕೂಗುತ್ತಲೇ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈ ಮೇಲೆ ಹಾಕಿ, ತನ್ನ ಕೈಯನ್ನೂ ಒಳಗೆ ತೂರಿಸಿದ. ಬಾಯಿ ಹುಲಿಯ ಗವಿಯ ಕತೆ ಹೇಳುತ್ತಿತ್ತು. ಆದರೆ ಮೀನಾಳ ಮುಖ ನೋಡನೋಡುತ್ತ ಬದಲಾಯಿತು.

"ಬಟ್ಟಿ ಕೆಳಗಿನ ಮಾತು ನನಗ ನಡಿಯೂದಿಲ್ಲ ಕಾಕಾ," ಎಂದಳು. "ಬಾಯಿಲೆ ಹೇಳಬೇಕ್ರಿ. ನಮ್ಮ ಗುರುಗಳೂ ನಿಮ್ಮನ್ನ ಕೇಳ್ತಾರ."

ಹುಲಿಯ ಕತೆ ಅರ್ಧಕ್ಕೇ ನಿಂತಿತು. ಟವೆಲ್ಲಿನ ಕೆಳಗಿನ ಮಾತನ್ನು ಹೊರಗೆ ಹೇಳಿದ ದಲಾಲನನ್ನು ನಮ್ಮ ಸಂತೆಯಲ್ಲಿ ಯಾರೂ ಕಂಡಿಲ್ಲ. ಅವನು ಸುತ್ತಲಿನ ಮಂದಿಯನ್ನು ನೋಡಿದ, ಮೀನಾಳನ್ನು ನೋಡಿದ. ಆಮೇಲೆ ಟವೆಲ್ ತೆಗೆದುಬಿಟ್ಟ. ಅವನ ದಪ್ಪ ಮುಷ್ಟಿಯಲ್ಲಿ ಅವಳ ಎರಡು ಬೆರಳು ಇದ್ದದ್ದು ಎಲ್ಲರಿಗೂ ಕಂಡಿತು.

"ನಾ ಎರಡನೇದಾವ," ಎಂದ. "ನನ್ನ ಹೆಸರು ಕೂಗಿದ್ರು, ನನ್ನ ಕಾಲ ಏಳಲಿಲ್ಲ. 'ಸತ್ಯಪ್ಪಾ, ನೀ ಹೋಗು, ನೀ ಜೀವಂತ ಬಂದ್ರ ನಾ ಹೋಗತೇನಿ' ಅಂದೆ. ನನ್ನ ಹೆಸರಿಗೆ ಅವ ಹೂಂ ಅಂದ. ಆಮ್ಯಾಲ ಅವನ ಹೆಸರಿಗೆ ನಾ ಹೂಂ ಅಂದೆ. ನಾ ಅಂಜಿದ್ದೆ."

ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

"ನಿನ್ನ ಕೆಲಸ ಕೆಡಿಸಿದೆ ಏನವ್ವಾ ನಾ?" ಎಂದ. "ಕೆಡತೈತಿ ಅಂತನ ಇಷ್ಟ ದಿನ ಬಾಯಿ ಬಿಟ್ಟಿದ್ದಿಲ್ಲ."

ಮೀನಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಎತ್ತಿನ ಸಗಣಿಯಲ್ಲಿ ನಿಂತು ಕಣ್ಣೀರು ಹಾಕಿದ್ದು ನನಗೆ ಅದೇ ಮೊದಲು.

"ಕೆಡಿಸಿಲ್ರಿ ಕಾಕಾ. ಉಳಿಸಿದ್ರಿ."

"ಏನು? ಉಳಿಸಿದೆ?" ಹಜರತಸಾಬನಿಗೆ ಸಿಟ್ಟು ನೆತ್ತಿಗೇರಿತು. "ಹಂಗಂತ ಮೊದಲ ಹೇಳಬಾರದ? ಯಾವಾಗೋ ಹೇಳತಿದ್ದೆ! ನಿನ್ನ ಸಲುವಾಗಿ ಬೇಕಾದ್ರ ಸುಳ್ಳ ಸೈತ ಹೇಳತಿದ್ದೆ!"

"ಅದಕ್ಕ ಹೇಳಲಿಲ್ರಿ," ಎಂದಳು ಮೀನಾ.

ಅವಳ ಗುರುಗಳು ಸತ್ಯಪ್ಪನನ್ನು ಬೇರೆಯಾಗಿ ಫೋನಿನಲ್ಲಿ ಕೇಳಿದರು. ಅವನೂ ಅದನ್ನೇ ಹೇಳಿದ. ಹೆಸರುಗಳು ತಮ್ಮ ತಮ್ಮ ಮಿದುಳಿಗೆ ಮರಳಿದವು. ನನ್ನ ಕಂಪ್ಯೂಟರು ಮತ್ತೆ ಐದು ಸಾವಿರ ಸಲ ಕಲಸಿತು, ಬೇರೆ ಯಾವ ಹಂಚಿಕೆಯಲ್ಲೂ ನಿಜದ ಹಂಚಿಕೆಯಷ್ಟು ಫರಕು ಬರಲಿಲ್ಲ. ಮೀನಾ ಗೆದ್ದಿದ್ದಳು. ಆ ಹೊತ್ತಿಗೆ ಹಜರತಸಾಬ ಸಂತೆಯಲ್ಲಿ ಕತೆ ಬದಲಿಸಿದ್ದ. "ಅವತ್ತ ನಾ ಅಂಜಿದ್ದಕ್ಕ ನಮ್ಮ ಹುಡಿಗಿ ಡಾಕ್ಟರ್ ಆಗಾಕ ಹತ್ತ್ಯಾಳ," ಎನ್ನುತ್ತಿದ್ದ. ಹುಲಿಯ ಗವಿ ಮಾತ್ರ ಈಗ ಸತ್ಯಪ್ಪನ ಪಾಲಾಗಿತ್ತು, ಜೊತೆಗೆ ಚಹಾ ಕೂಡ.